ಶಿಫ್ಟರ್‌ಗೆ ತಕ್ಕ ಡಿರೇಲರ್

ತುರಹಳ್ಳಿ ಕಾಡಿನ ಬಂಡೆಗಳ ನಡುವೆ ಸೈಕಲ್ ಬಲಕ್ಕೆ ಮಗುಚಿದರೆ ಪೆಟ್ಟು ಬೀಳುವುದು ಹಿಂದಿನ ಡಿರೇಲರ್‌ಗೆ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಈ ಭಾಗ ಹಿಂಚಕ್ರದ ಪಕ್ಕ ಹೊರಗೇ ನೇತಾಡುತ್ತಿರುತ್ತದೆ. ಗೇರ್ ತಪ್ಪತೊಡಗಿತೆಂದರೆ ಸಿಗುವ ಸಲಹೆ ಒಂದೇ: ಇನ್ನೂ ಮೇಲಿನ ಹಂತದ್ದನ್ನು ಹಾಕಿಸಿ. ಶಿಮಾನೋ ಕಂಪನಿಯ ಆಲ್ಟಸ್ ಇದ್ದವರಿಗೆ ಅಲಿವಿಯೊ, ಅಲಿವಿಯೊ ಇದ್ದವರಿಗೆ ಡಿಯೋರ್. ಹೀಗೆ ಹೆಸರು ನೋಡಿ ಕೊಂಡವರು ಎಷ್ಟೋ ಸಲ ದುಡ್ಡು ಕಳೆದುಕೊಳ್ಳುತ್ತಾರೆ.

ಮೊದಲು ಸೈಕಲ್ ಹಿಂದೆ ಕುಕ್ಕರಗಾಲಲ್ಲಿ ಕುಳಿತು ನೋಡಿ. ಡಿರೇಲರ್‌ನ ಎರಡು ಪುಟ್ಟ ಗಾಲಿಗಳು ಮೇಲಿನ ಹಲ್ಲುಚಕ್ರದ ನೇರಕ್ಕೆ ಇಲ್ಲದೆ ಒಳಕ್ಕೆ ವಾಲಿದ್ದರೆ, ಬಾಗಿರುವುದು ಬಹುಶಃ ಹ್ಯಾಂಗರ್. ಫ್ರೇಮಿಗೂ ಡಿರೇಲರ್‌ಗೂ ನಡುವೆ ಇರುವ ಈ ಮೆತ್ತನೆಯ ಅಲ್ಯೂಮಿನಿಯಂ ತುಂಡು ತಾನು ಬಾಗಿ ಫ್ರೇಮನ್ನು ಉಳಿಸಲೆಂದೇ ಇದೆ. ಅದು ಡೊಂಕಾಗಿದ್ದರೆ ಎಷ್ಟು ದುಬಾರಿ ಡಿರೇಲರ್ ಹಾಕಿದರೂ ಗೇರ್ ನಿಲ್ಲದು. ಒಂದೊಂದು ಫ್ರೇಮಿಗೆ ಒಂದೊಂದು ಆಕಾರದ ಹ್ಯಾಂಗರ್ ಬೇಕಾಗುವುದರಿಂದ ನಿಮ್ಮ ಸೈಕಲ್ಲಿನದನ್ನು ಹುಡುಕಿ ಒಂದು ಹೆಚ್ಚಿಗೆ ಇಟ್ಟುಕೊಳ್ಳಿ. ಈ ತಾಪತ್ರಯ ತಪ್ಪಿಸಲು ಸ್ರ್ಯಾಮ್ ಕಂಪನಿ 2019ರಲ್ಲಿ ಅದಕ್ಕೆಂದೇ ರೂಪಿಸಿದ ಫ್ರೇಮುಗಳಿಗೆಲ್ಲ ಒಂದೇ ಬಗೆಯ ಹ್ಯಾಂಗರ್ ತಂದಿತು. ಹಳೆಯ ಫ್ರೇಮುಗಳಿಗೆ ಅದು ಕೂರುವುದಿಲ್ಲ. ಮಳೆಗಾಲ ಕಳೆದ ಮೇಲಾದರೆ ತುಕ್ಕು ಹಿಡಿದ ಕೇಬಲನ್ನೂ ಅನುಮಾನಿಸಿ.

ಡಿರೇಲರ್ ನಿಜಕ್ಕೂ ಹೋಗಿದ್ದರೆ, ಈಗ ಹ್ಯಾಂಡಲ್ ಕಡೆ ತಿರುಗಿ. ಗೇರ್ ಎಷ್ಟು ಎಂಬುದನ್ನು ನಿರ್ಧರಿಸುವುದು ಅಲ್ಲಿರುವ ಶಿಫ್ಟರ್. ಒಂದು ಕ್ಲಿಕ್ಕಿಗೆ ಅದು ಇಂತಿಷ್ಟು ಕೇಬಲ್ ಎಳೆಯುತ್ತದೆ, ಡಿರೇಲರ್ ಅದಕ್ಕೆ ತಕ್ಕಷ್ಟು ಸರಿಯುತ್ತದೆ, ಅಷ್ಟೆ. ಶಿಮಾನೋದ 9 ಸ್ಪೀಡ್ ಶಿಫ್ಟರ್ ಸುಮಾರು ಎರಡೂವರೆ ಮಿಲಿಮೀಟರ್ ಎಳೆಯುತ್ತದೆ. ಅದರ ಜೋಡಿ ಡಿರೇಲರ್ ಅದನ್ನು 1.7 ಪಟ್ಟು ಮಾಡಿ ಪಕ್ಕದ ಹಲ್ಲುಚಕ್ರ ಮುಟ್ಟಿಸುತ್ತದೆ. ಆದರೆ 10 ಸ್ಪೀಡ್ ಮೌಂಟನ್ ಬೈಕ್ ಡಿರೇಲರ್‌ಗಳಲ್ಲಿ ಈ ಪ್ರಮಾಣ ಸುಮಾರು 1.2. ಅದನ್ನು 9 ಸ್ಪೀಡ್ ಶಿಫ್ಟರ್‌ಗೆ ಕಟ್ಟಿದರೆ ಚೈನು ಅರ್ಧದಾರಿಯಲ್ಲೇ ಉಳಿಯುತ್ತದೆ. ಎಷ್ಟು ಟ್ಯೂನ್ ಮಾಡಿದರೂ ಫಲವಿಲ್ಲ. 2023ರಲ್ಲಿ ಬಂದ ಶಿಮಾನೋದ ಕ್ಯೂಸ್ ಸರಣಿಯ ಲೆಕ್ಕವೂ ಬೇರೆ. ಅದರ ಮೇಲೆ 9 ಸ್ಪೀಡ್ ಎಂದು ಬರೆದಿದ್ದರೂ ಹಳೆಯ 9 ಸ್ಪೀಡ್ ಶಿಫ್ಟರ್‌ಗೆ ಹೊಂದದು.

ಇದೇ ಲೆಕ್ಕದಿಂದ ಒಂದು ಅನುಕೂಲವೂ ಇದೆ. ಶಿಮಾನೋದ 8 ಮತ್ತು 9 ಸ್ಪೀಡ್ ಮೌಂಟನ್ ಡಿರೇಲರ್‌ಗಳ ಪ್ರಮಾಣ ಒಂದೇ ಆದ್ದರಿಂದ 8 ಸ್ಪೀಡ್ ಸೈಕಲ್ಲಿಗೆ 9 ಸ್ಪೀಡ್ ಅಲಿವಿಯೊವನ್ನು ಧಾರಾಳವಾಗಿ ಹಾಕಬಹುದು.

ಇನ್ನು ಡಿರೇಲರ್‌ನ ಆ ಎರಡು ಪುಟ್ಟ ಗಾಲಿಗಳನ್ನು ಹಿಡಿದಿರುವ ಪಂಜರದ ಉದ್ದ. ಮುಂದೆ 42-32-22, ಹಿಂದೆ 11-34 ಹಲ್ಲುಗಳಿದ್ದರೆ ಮುಂದಿನ ವ್ಯತ್ಯಾಸ 20, ಹಿಂದಿನದು 23. ಒಟ್ಟು 43 ಹಲ್ಲಿನಷ್ಟು ಸಡಿಲ ಚೈನನ್ನು ಎಳೆದಿಡಬೇಕು. ಅದಕ್ಕೆ ಉದ್ದ ಪಂಜರವೇ ಬೇಕು. ಮುಂದೆ ಒಂದೇ ಚಕ್ರವಿದ್ದರೆ ಮಧ್ಯಮ ಪಂಜರ ಸಾಕು, ಕಲ್ಲಿಗೆ ತಗಲುವುದೂ ಕಡಿಮೆ.

ಒರಟು ಹಾದಿಯಲ್ಲಿ ಚೈನು ಕುಣಿಯದಂತೆ ಹಿಡಿಯುವ ಕ್ಲಚ್ ಡಿರೇಲರ್ ಎಲ್ಲರಿಗೂ ಆಸೆ. ಅವು ಹೆಚ್ಚಾಗಿ 10 ಸ್ಪೀಡ್ ಮತ್ತು ಮೇಲಿನವು. ಶಿಫ್ಟರ್, ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು), ಚೈನು ಮೂರನ್ನೂ ಬದಲಿಸಲು ಹಣವಿದ್ದರೆ ಮಾತ್ರ ಆ ದಾರಿ ಹಿಡಿಯಿರಿ. ಇಲ್ಲವಾದರೆ ಜೋಡಿಯಾಗುವ ಅಲಿವಿಯೊ, ಹೊಸ ಹ್ಯಾಂಗರ್, ಹೊಸ ಕೇಬಲ್ ಹಾಕಿಸಿ. ಉಳಿದ ಹಣ ಒಳ್ಳೆಯ ಟಯರಿಗಿರಲಿ. ಹಾಕಿಸಿದ ದಿನವೇ, ಡಿರೇಲರ್ ಮಿತಿಮೀರಿ ಒಳಕ್ಕೆ ಸರಿಯದಂತೆ ತಡೆಯುವ ‘ಎಲ್’ ಗುರುತಿನ ಸ್ಕ್ರೂ ಪರೀಕ್ಷಿಸಿ. ಅದು ಸಡಿಲವಿದ್ದರೆ ಮೊದಲ ಏರಿನಲ್ಲೇ ಪಂಜರ ಚಕ್ರದ ಕಡ್ಡಿಗಳಿಗೆ ಸಿಕ್ಕಿ ಹೊಸ ಡಿರೇಲರ್ ಮುರಿದೀತು.