ಗೋಪಿನಾಥಂ ಬಸ್ಸಿನ ಸುತ್ತ ಹಬ್ಬಿರುವ ತಪ್ಪು ಕಲ್ಪನೆಗಳು

ಮಲೆ ಮಹದೇಶ್ವರ ಬೆಟ್ಟದ ಬಸ್ ನಿಲ್ದಾಣದಲ್ಲಿ ಒಮ್ಮೆ ತಮಿಳುನಾಡಿನ ಗಡಿಯಂಚಿನ ಗೋಪಿನಾಥಂ ಕಡೆಯ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಅತ್ತೆ, ಸೊಸೆ, ಸೊಸೆಯ ಸೊಂಟದಲ್ಲೊಂದು ಮಗು, ಕಾಲ ಬಳಿ ಎರಡು ಕೈಚೀಲ. ಬಸ್ ಹತ್ತಿದ ಮೇಲೆ ಅತ್ತೆಗೆ ಶೂನ್ಯ ದರದ ಟಿಕೆಟ್ ಕೊಟ್ಟ ಕಂಡಕ್ಟರ್, ಸೊಸೆಯ ಆಧಾರ್ ಕಾರ್ಡನ್ನು ತಿರುಗಿಸಿ ನೋಡಿ, "ಇದ್ರಲ್ಲಿ ಮೆಟ್ಟೂರು ಅಡ್ರೆಸ್ ಅದ ಕನಮ್ಮ, ದುಡ್ಡು ಕೊಡ್ಬೇಕಾಯ್ತದ" ಎಂದ. "ನಮ್ಮ ಸೊಸ ಕನಪ್ಪ, ನಮ್ಮನೇಲೇ ಇರದು" ಎಂದು ಅತ್ತೆ ಎರಡು ಸಲ ಹೇಳಿದಳು. ಮೂರನೆಯ ಸಲ ಹೇಳದೆ ಸೆರಗಿನ ಗಂಟು ಬಿಚ್ಚಿ ದುಡ್ಡು ಕೊಟ್ಟಳು. ಹಿಂದಿನ ಸೀಟಿನಲ್ಲಿದ್ದವರೊಬ್ಬರು ಪಕ್ಕದವರಿಗೆ ಹೇಳಿದರು: "ತಮಿಳು ಮಾತಾಡೋರಿಗೆ ಫ್ರೀ ಇಲ್ಲ."

ಇಂಥ ಮಾತು ಒಂದು ಬಸ್ಸಿನಲ್ಲಿ ಹುಟ್ಟಿದರೆ ಸಂಜೆಯೊಳಗೆ ಊರಿಡೀ ಹರಡುತ್ತದೆ. ಸರ್ಕಾರದ ಸಾರಿಗೆ ಯೋಜನೆಗಳ ಬಗ್ಗೆ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಕೇಳಿಬರುವ ನಂಬಿಕೆಗಳಲ್ಲಿ ಕೆಲವಕ್ಕೆ ಬುಡವೇ ಇಲ್ಲ, ಕೆಲವು ಅರ್ಧ ನಿಜ. ಅರ್ಧ ನಿಜದಿಂದಲೇ ಜನ ಹೆಚ್ಚು ಕಳೆದುಕೊಳ್ಳುತ್ತಿದ್ದಾರೆ.

"ತಮಿಳು ಮಾತಾಡೋರಿಗೆ ಫ್ರೀ ಇಲ್ಲ"

ಸುಳ್ಳು. ಹೆಂಗಸರಿಗೆ ಉಚಿತ ಬಸ್ ಪ್ರಯಾಣ ಕೊಡುವ, 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಯಾರ ಮನೆಮಾತನ್ನೂ ಕೇಳುವುದಿಲ್ಲ. ಕೇಳುವುದು ಕರ್ನಾಟಕದ ನಿವಾಸಿ ಹೌದೋ ಅಲ್ಲವೋ ಎಂಬುದನ್ನು ಮಾತ್ರ. ಹೆಂಗಸರು, ಹೆಣ್ಣುಮಕ್ಕಳು, ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯರು ಇಲ್ಲಿನ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಸಾಕು.

ಆದರೆ ಗಡಿಯಲ್ಲಿ ಈ ನಿಯಮ ಬೇರೆಯದೇ ರೀತಿ ಕಚ್ಚುತ್ತದೆ. ಕೊಳ್ಳೇಗಾಲ ಸೀಮೆ 1956ರ ನವೆಂಬರ್ 1ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆಮೇಲೆ ಮೈಸೂರು ಜಿಲ್ಲೆ, 1997ರಿಂದ ಚಾಮರಾಜನಗರ ಜಿಲ್ಲೆ. ನಕ್ಷೆಯ ಮೇಲಿನ ಗೆರೆ ಜರುಗಿತು, ಸಂಬಂಧ ಬೆಳೆಸುವ ಊರುಗಳು ಜರುಗಲಿಲ್ಲ. ಇಂದಿಗೂ ಗೋಪಿನಾಥಂಗೆ ಹೆಣ್ಣು ಬರುವುದು, ಇಲ್ಲಿಂದ ಹೆಣ್ಣು ಹೋಗುವುದು ಕಾವೇರಿಯ ಆಚೆಗೂ ಮೆಟ್ಟೂರಿನ ಕಡೆಗೂ ಉಂಟು. ಮದುವೆಯಾಗಿ ಬಂದ ಹೆಣ್ಣುಮಗಳ ಕಾರ್ಡಿನಲ್ಲಿ ತವರಿನ ವಿಳಾಸವೇ ಉಳಿದಿದ್ದರೆ ಕಂಡಕ್ಟರ್ ಉಚಿತ ಟಿಕೆಟ್ ಕೊಡಲಾರ. ಕೊಟ್ಟರೆ ತಪಾಸಣೆಯಲ್ಲಿ ಅವನ ಕೆಲಸಕ್ಕೇ ಕುತ್ತು. ಅಂದು ಅವನೂ ಸರಿ, ಆ ಅತ್ತೆಯೂ ಸರಿ. ಆಧಾರ್‌ನಲ್ಲಿ ವಿಳಾಸ ಬದಲಿಸಿಕೊಂಡರೆ ಆ ಸೊಸೆಗೂ ಅದೇ ಶೂನ್ಯ ದರದ ಟಿಕೆಟ್ ಸಿಗುತ್ತದೆ. ಇದನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

"ಹೆಂಗಸರಿಗೆ ಯಾವ ಬಸ್ಸಾದರೂ ಫ್ರೀ"

ಅಲ್ಲ. ಸರ್ಕಾರದ ನಾಲ್ಕು ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಿಗೆ ಮಾತ್ರ ಅನ್ವಯ. ರಾಜಹಂಸ, ಐರಾವತ, ಅಂಬಾರಿ ಮೊದಲಾದ ಐಷಾರಾಮಿ ಬಸ್ಸುಗಳು ಸೇರುವುದಿಲ್ಲ, ಖಾಸಗಿ ಬಸ್ಸುಗಳಂತೂ ಇಲ್ಲವೇ ಇಲ್ಲ. ಪಾಲಾರ್ ದಾಟಿ ಸೇಲಂಗೆ ಹೋಗುವ ಪ್ರಯಾಣವೂ ಲೆಕ್ಕಕ್ಕೆ ಬರುವುದಿಲ್ಲ. ಇನ್ನೊಂದು, ಉಚಿತವೆಂದು ಟಿಕೆಟ್ ಪಡೆಯದೆ ಕೂರಬಾರದು. ಆ ಚೀಟಿ ಹರಿದರೇನೇ ನಿಗಮಕ್ಕೆ ಸರ್ಕಾರದ ದುಡ್ಡು. "ಗಂಡಸರಿಗೆ ಸೀಟೇ ಇಲ್ಲ" ಎಂಬ ದೂರಿಗೂ ಉತ್ತರ ಆದೇಶದಲ್ಲೇ ಇದೆ: ಬೆಂಗಳೂರು ನಗರ ಸಾರಿಗೆ ಬಿಟ್ಟು ಉಳಿದ ನಿಗಮಗಳ ಸಾಮಾನ್ಯ ಬಸ್ಸಿನಲ್ಲಿ ಅರ್ಧ ಸೀಟು ಗಂಡಸರಿಗೆ ಮೀಸಲು.

"ಹೆಂಗಸರ ಫ್ರೀಯಿಂದಲೇ ನಮ್ಮ ಟಿಕೆಟ್ ಏರಿತು"

2025ರ ಜನವರಿ 5ರಿಂದ ದರ ಶೇ 15ರಷ್ಟು ಏರಿತು, ನಿಜ. ಅದಕ್ಕೆ ಮೊದಲು ಕೆಎಸ್ಆರ್‌ಟಿಸಿ ದರ ಏರಿಸಿದ್ದು 2020ರಲ್ಲಿ, ಶಕ್ತಿ ಯೋಜನೆ ಹುಟ್ಟುವುದಕ್ಕೆ ಮೂರು ವರ್ಷ ಮುಂಚೆ. ನಡುವಿನ ಸುಮಾರು ಐದು ವರ್ಷದಲ್ಲಿ ಡೀಸೆಲ್, ಸಂಬಳ, ಬಿಡಿಭಾಗ ಯಾವುದೂ ನಿಂತಲ್ಲೇ ನಿಂತಿರಲಿಲ್ಲ. ಹೆಂಗಸರ ಪ್ರಯಾಣದ ವೆಚ್ಚವನ್ನು ಸರ್ಕಾರ ನಿಗಮಗಳಿಗೆ ತುಂಬಿಕೊಡಬೇಕು, ಪಕ್ಕದ ಸೀಟಿನ ಗಂಡಸಲ್ಲ. ತುಂಬಿಕೊಡುವುದು ತಡವಾಗುತ್ತದೆ ಎಂಬ ದೂರು ಬೇರೆ, ಅದರಲ್ಲಿ ಹುರುಳಿದೆ. ಆ ದೂರನ್ನು ವಿಧಾನಸೌಧದ ಬಾಗಿಲಲ್ಲಿ ಹೇಳಬೇಕು. ಬುಟ್ಟಿ ಹೊತ್ತು ಬಸ್ ಹತ್ತುವ ಹೆಂಗಸಿನ ಮುಖಕ್ಕೆ ಹೇಳುವುದು ಅನ್ಯಾಯ.

"ಜನ ಇಲ್ಲ, ನಷ್ಟ, ಅದಕ್ಕೇ ಬಸ್ ಬಿಡಲ್ಲ"

ಇದು ಎಲ್ಲಕ್ಕಿಂತ ಆಳವಾಗಿ ಬೇರೂರಿದ ನಂಬಿಕೆ. ಊರಿನವರೇ ಇದನ್ನು ನಂಬಿ ಬಾಯಿ ಮುಚ್ಚಿಕೊಂಡಿದ್ದಾರೆ. ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ರಾಜ್ಯದ ಸಾರಿಗೆ ನಿಗಮ ನಡೆಯುವುದು 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯ ಮೇಲೆ. ಅದರ 22ನೆಯ ಕಲಮು ನಿಗಮ ವ್ಯವಹಾರದ ತತ್ವದ ಮೇಲೆ ನಡೆಯಬೇಕು ಎನ್ನುತ್ತದೆ. ಬಸ್ ಕೇಳಲು ಹೋದವರಿಗೆ ಸಿಗುವ ಉತ್ತರವೂ ಈ ಧಾಟಿಯದೇ. ಆದರೆ ಅದೇ ಕಾಯ್ದೆಯ 18ನೆಯ ಕಲಮು, ದಕ್ಷವಾದ, ಸಾಲುವಷ್ಟು, ಮಿತವ್ಯಯದ, ಹೊಂದಾಣಿಕೆಯ ಸಾರಿಗೆ ಒದಗಿಸುವುದು ನಿಗಮದ ಕರ್ತವ್ಯ ಎನ್ನುತ್ತದೆ. "ಸಾಲುವಷ್ಟು" ಎಂಬ ಮಾತನ್ನು ಯಾರೂ ಓದಿಹೇಳುವುದಿಲ್ಲ. ಇದರ ಮೇಲೆ 34ನೆಯ ಕಲಮಿನಲ್ಲಿ ನಿಗಮಕ್ಕೆ ನಿರ್ದೇಶನ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಅಂದರೆ ಕಾಡಂಚಿನ ಊರಿಗೆ ಬಸ್ ಓಡಿಸುವುದು ಯಾರೋ ಮಾಡುವ ಉಪಕಾರವಲ್ಲ.

ಲೆಕ್ಕವನ್ನೇ ಹಿಡಿದರೂ ಶಕ್ತಿ ಬಂದ ಮೇಲೆ ಆ ಲೆಕ್ಕ ಬದಲಾಗಿದೆ. 2025ರ ಜುಲೈ 14ಕ್ಕೆ ರಾಜ್ಯದಲ್ಲಿ ಹೆಂಗಸರ ಉಚಿತ ಪ್ರಯಾಣ 500 ಕೋಟಿ ದಾಟಿತು. ಪ್ರತಿ ಶೂನ್ಯ ಟಿಕೆಟ್ಟಿನ ಬೆನ್ನಿಗೂ ಸರ್ಕಾರ ಕೊಡಬೇಕಾದ ದುಡ್ಡಿದೆ. ಆದರೆ ಬಸ್ಸೇ ಬಾರದ ಊರಿನಲ್ಲಿ ಟಿಕೆಟ್ ಹರಿಯುವುದಿಲ್ಲ. ಟಿಕೆಟ್ ಹರಿಯದ ಊರು ಟಿಕೆಟ್ ಯಂತ್ರದ ಲೆಕ್ಕದಲ್ಲಿ ಜನರೇ ಇಲ್ಲದ ಊರು. ದಿನಕ್ಕೆ ನಾಲ್ಕು ಟ್ರಿಪ್ ಇರುವ ಊರಿನ ಹೆಂಗಸಿಗೆ ಶಕ್ತಿ ನಾಲ್ಕು ಪಟ್ಟು. ಬಸ್ ತಪ್ಪಿದರೆ ನಾಳೆಯೇ ಎನ್ನುವ ಊರಿನವಳಿಗೆ ಅದು ಚೀಲದೊಳಗಿನ ಕಾರ್ಡು ಅಷ್ಟೆ.

ಗೋಪಿನಾಥಂನಿಂದ ತಾಲ್ಲೂಕು ಕಚೇರಿಗೆ ಹೊರಟವರ ದಾರಿ ನೆನೆಯಿರಿ. ಪಾಲಾರ್‌ಗೆ ಬರಬೇಕು, ಘಟ್ಟ ಹತ್ತಿ ಮಹದೇಶ್ವರ ಬೆಟ್ಟ, ತಿರುವು ತಿರುವಾಗಿ ಇಳಿದರೆ ತಾಳಬೆಟ್ಟ, ಆಮೇಲೆ ಕೌದಳ್ಳಿ, ಆಮೇಲೆ ಹನೂರು. ಕಾಲೇಜು, ದೊಡ್ಡ ಸಂತೆ ಎಂದರೆ ಇನ್ನೂ ಮುಂದೆ ಕೊಳ್ಳೇಗಾಲ. ಜಿಲ್ಲಾ ಕೇಂದ್ರ ನೂರಕ್ಕೂ ಹೆಚ್ಚು ಕಿಲೋಮೀಟರ್. ಇಂಥ ಊರಿಗೆ ರಾತ್ರಿ ಬಂದು ತಂಗಿ ನಸುಕಿನಲ್ಲಿ ಹೊರಡುವ ಒಂದು ನೈಟ್ ಹಾಲ್ಟ್ ಬಸ್ಸು, ಹಗಲು ಬಂದು ಹೋಗುವ ಮೂರು ಬಸ್ಸಿಗೆ ಸಮ. ಅದು ಹೊರಡುವ ಹೊತ್ತೇ ಆಸ್ಪತ್ರೆಯ ಚೀಟಿ ಸಿಗುತ್ತದೋ ಇಲ್ಲವೋ, ಕಚೇರಿಯಲ್ಲಿ ಸಾಹೇಬರು ಸಿಗುತ್ತಾರೋ ಇಲ್ಲವೋ ಎಂಬುದನ್ನು ತೀರ್ಮಾನಿಸುತ್ತದೆ.

ವೀರಪ್ಪನ್ ಹುಟ್ಟಿದೂರು, ಆ ಭಯಕ್ಕೆ ಬಸ್ ಬರಲ್ಲ ಎನ್ನುವವರು ಇನ್ನೂ ಸಿಗುತ್ತಾರೆ. ಅವನು ಸತ್ತದ್ದು 2004ರ ಅಕ್ಟೋಬರ್ 18ರಂದು. ಎರಡು ದಶಕ ಕಳೆದ ಮೇಲೂ ಊರಿನ ಕೊರತೆಗೆಲ್ಲ ಆ ಹೆಸರನ್ನೇ ಹೊದಿಸುವುದು ಇಲ್ಲಿನ ಮಕ್ಕಳಿಗೆ ಮಾಡುವ ಅವಮಾನ.

"ಕಾಡಿನ ಊರಿಗೆ ರಸ್ತೆ, ಗಾಡಿ ಕೊಡೋಕೆ ಕಾನೂನೇ ಬಿಡಲ್ಲ"

ಅರ್ಧ ನಿಜ. ಕಾವೇರಿ ಮತ್ತು ಮಲೆ ಮಹದೇಶ್ವರ ವನ್ಯಧಾಮಗಳ ಒಳಗೆ ವನ್ಯಜೀವಿ ಕಾಯ್ದೆಯ ತಪಾಸಣೆ ಉಂಟು, ಇರಲೂಬೇಕು. ಆನೆ ದಾಟುವ ಜಾಗದಲ್ಲಿ ಅಗಲ ರಸ್ತೆ ಬೇಡವೆಂದೇ ನಾನೂ ಹೇಳುತ್ತೇನೆ. ಆದರೆ 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೆಯ ಕಲಮು ರಸ್ತೆ, ಶಾಲೆ, ಕುಡಿಯುವ ನೀರಿನಂಥ 13 ಸೌಕರ್ಯಗಳಿಗೆ, ಪ್ರತಿಯೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿ ಕೊಡಲು ದಾರಿ ಮಾಡಿದೆ. ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಬೀಳಬಾರದು, ಗ್ರಾಮಸಭೆ ಶಿಫಾರಸು ಮಾಡಬೇಕು. ಶಿಫಾರಸು ಶುರುವಾಗುವುದು ಊರಿನಿಂದ, ಬೆಂಗಳೂರಿನಿಂದಲ್ಲ.

ಗಾಡಿಗೂ ಉದಾಹರಣೆ ಬೆಟ್ಟದಲ್ಲೇ ಇದೆ. ಬಸ್ ಹೋಗಲಾರದ ಕಾಡಿನ ಹಳ್ಳಿಗಳ ಮಕ್ಕಳು ಶಾಲೆಗೆ ಕಿಲೋಮೀಟರ್‌ಗಟ್ಟಲೆ ನಡೆಯುವುದನ್ನು ಕಂಡು ಅರಣ್ಯ ಇಲಾಖೆಯೇ ಇಲ್ಲಿ 'ಜನ–ವನ ಸೇತುವೆ' ಎಂಬ ಹೆಸರಿನಲ್ಲಿ ಜೀಪು ಓಡಿಸಿತು. ಕಾಡು ಕಾಯುವ ಇಲಾಖೆಯೇ ಮಕ್ಕಳನ್ನು ಶಾಲೆಗೆ ಸಾಗಿಸಿದ ಮೇಲೆ, ಕಾಡೇ ಅಡ್ಡಿ ಎಂಬ ಮಾತು ನಿಲ್ಲುವುದಿಲ್ಲ. ಹಾಗಂತ ಅಷ್ಟಕ್ಕೇ ಕಷ್ಟ ತೀರಲಿಲ್ಲ. ರೋಗಿಗಳನ್ನು ಡೋಲಿಯಲ್ಲಿ ಹೊತ್ತು ತರುವುದು ಈ ಮಲೆಗಳಲ್ಲಿ ಹಳೆಯ ಕತೆಯಾಗಿಲ್ಲ. 2024ರ ಏಪ್ರಿಲ್ 26ರಂದು ಲೋಕಸಭಾ ಚುನಾವಣೆಯ ದಿನ, ಇದೇ ಬೆಟ್ಟದ ಇಂಡಿಗನತ್ತ ಹಳ್ಳಿಯಲ್ಲಿ ಮೂಲಸೌಕರ್ಯ ಇಲ್ಲದ ಸಿಟ್ಟು ಮತಗಟ್ಟೆಯ ಮೇಲೆ ತಿರುಗಿ, ಮತಯಂತ್ರ ಒಡೆದು, ಮೂರು ದಿನದ ಮೇಲೆ ಮರುಮತದಾನ ನಡೆಯಿತು. ಒಡೆದದ್ದು ತಪ್ಪು. ಆದರೆ ಆ ಸಿಟ್ಟು ಸುಮ್ಮನೆ ಹುಟ್ಟಿದ್ದಲ್ಲ.

"ಸ್ಕೂಲ್ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡ್ತದಲ್ಲ"

ಕೊಡುತ್ತಿತ್ತು. 2006–07ರಲ್ಲಿ ಎಂಟನೆಯ ತರಗತಿಯ ಬಡ ಹೆಣ್ಣುಮಕ್ಕಳಿಗೆಂದು ಆರಂಭವಾಗಿ, ಮರುವರ್ಷ ಗಂಡುಮಕ್ಕಳಿಗೂ ಹಬ್ಬಿದ ಯೋಜನೆ ಕೋವಿಡ್ ಹೊತ್ತಿನಲ್ಲಿ ನಿಂತಿತು. ಘಟ್ಟದಲ್ಲಿ ಸೈಕಲ್ ಯಾಕೆ ಎನ್ನಬೇಡಿ, ಹನೂರು, ಕೌದಳ್ಳಿ ಸುತ್ತಿನ ಬಯಲಿನಲ್ಲಿ ಅದು ಸಲೀಸಾಗಿ ಓಡುತ್ತದೆ. ಘಟ್ಟದ ಮಕ್ಕಳಿಗೆ ಬೇರೆ ದಾರಿಯಿದೆ, ಅದು ಬಹಳ ಪೋಷಕರಿಗೆ ಗೊತ್ತಿಲ್ಲ: ಹತ್ತಿರದಲ್ಲಿ ಶಾಲೆಯಿಲ್ಲದ ದೂರದ ನೆಲೆಗಳ ಮಕ್ಕಳಿಗೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿವರೆಗೆ ಸಾರಿಗೆ ಭತ್ಯೆಗೆ ಅವಕಾಶವಿದೆ. ಒಂದರಿಂದ ಐದನೆಯ ತರಗತಿಗೆ ಒಂದು ಕಿಲೋಮೀಟರ್, ಆರರಿಂದ ಎಂಟಕ್ಕೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕೆಂಬುದು ನಿಯಮ. ಹೆಡ್ ಮಾಸ್ಟರನ್ನು ಕೇಳಿ.

"ರೈಲು ಇನ್ನೇನು ಬಂತು"

ಕೊಳ್ಳೇಗಾಲ, ಹನೂರು, ಯಳಂದೂರು, ಈ ಮೂರು ತಾಲ್ಲೂಕುಗಳಲ್ಲಿ ಇಂದಿಗೂ ಒಂದಡಿ ಹಳಿಯಿಲ್ಲ. ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರು ಹಾದುಹೋಗಬೇಕಾದ 142 ಕಿ.ಮೀ. ಉದ್ದದ ಹೆಜ್ಜಾಲ–ಚಾಮರಾಜನಗರ ಮಾರ್ಗ ಮಂಜೂರಾದದ್ದು 1996–97ರಲ್ಲಿ. ಆ ವರ್ಷ ಹುಟ್ಟಿದ ಕೂಸು ಈಗ ಮಕ್ಕಳನ್ನು ಶಾಲೆಗೆ ಕಳಿಸುತ್ತಿದೆ. ರೈಲು ಬರಲಿ, ಬೇಡ ಎನ್ನುವವರು ಯಾರು? ಆದರೆ ಬಂದರೂ ಅದು ಕೊಳ್ಳೇಗಾಲದ ಮೇಲೆ ಹಾದುಹೋಗುತ್ತದೆ, ಘಟ್ಟ ಹತ್ತುವುದಿಲ್ಲ. ಗೋಪಿನಾಥಂನವರು ಹಳಿ ಮುಟ್ಟುವುದಕ್ಕೂ ಬಸ್ಸೇ ಹತ್ತಬೇಕು.

ಆದ್ದರಿಂದ ಕೇಳಬೇಕಾದದ್ದು ಬಸ್ಸು. ಊರಿನವರಲ್ಲಿ ನನ್ನದೊಂದು ಕೋರಿಕೆ: ಒಂದು ನೋಟ್ ಪುಸ್ತಕ ತೆಗೆದುಕೊಳ್ಳಿ. ಒಂದು ತಿಂಗಳು, ಯಾವ ದಿನ ಎಷ್ಟು ಹೊತ್ತಿಗೆ ಬಸ್ ಬಂತು, ಯಾವ ದಿನ ಬರಲಿಲ್ಲ, ಎಷ್ಟು ಜನ ನಿಂತಿದ್ದರು, ಎಷ್ಟು ಜನ ಹತ್ತಲಾಗದೆ ಉಳಿದರು, ಬರೆಯಿರಿ. ಬರೆಯುವ ಕೆಲಸ ಹೈಸ್ಕೂಲ್ ಓದುವ ಹುಡುಗಿಯೊಬ್ಬಳಿಗೆ ಕೊಡಿ. ಅದನ್ನು ಗ್ರಾಮಸಭೆಯಲ್ಲಿ ಓದಿಸಿ, ನೈಟ್ ಹಾಲ್ಟ್ ಬೇಕೆಂದು ಠರಾವು ಮಾಡಿ, ಚಾಮರಾಜನಗರದ ವಿಭಾಗೀಯ ನಿಯಂತ್ರಣಾಧಿಕಾರಿಗೆ ಒಂದು ಪ್ರತಿ, ಶಾಸಕರಿಗೆ ಒಂದು ಪ್ರತಿ ಕೊಡಿ. ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿ.