ಗಾಡಿ ನಿಲ್ಲಿಸಲು ಎಷ್ಟು ಹೇಳಬೇಕು?

ಬೆಂಗಳೂರಿನ ಜೀವನ್ ಬಿಮಾ ನಗರದಿಂದ ಯಾವ ದಿಕ್ಕಿಗೆ ಗಾಡಿ ತೆಗೆದರೂ ಅದನ್ನು ಎಲ್ಲಿ ನಿಲ್ಲಿಸುವುದೆಂಬ ಚಿಂತೆ ಜೊತೆಗೇ ಹೊರಡುತ್ತದೆ. ಪಶ್ಚಿಮಕ್ಕೆ ಇಂದಿರಾನಗರದ ನೂರಡಿ ರಸ್ತೆಯ ಹೋಟೆಲು, ಅಂಗಡಿ ಸಾಲು. ದಕ್ಷಿಣಕ್ಕೆ ಹಳೆ ವಿಮಾನ ನಿಲ್ದಾಣ ರಸ್ತೆಯ ಆಸ್ಪತ್ರೆಗಳು. ಉತ್ತರಕ್ಕೆ ನೇರಳೆ ಮಾರ್ಗದ ಮೆಟ್ರೊ ನಿಲ್ದಾಣಗಳು. ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದ ಊರಿನಲ್ಲಿ ಕಾಸು ಕೊಟ್ಟು ಜಾಗ ಪಡೆಯುವುದು ಈಗ ರೂಢಿ. ಆ ಜಾಗವನ್ನು ನೋಡಿಕೊಳ್ಳುವವರು ಹೆಚ್ಚಾಗಿ ಖಾಸಗಿ ಗುತ್ತಿಗೆದಾರರು. ಅವರಿಗೆ ನಾವು ಕೊಡುವುದು ಗಂಟೆಯ ಬಾಡಿಗೆ ಮಾತ್ರವಲ್ಲ. ಗಾಡಿಯ ನಂಬರು, ಬಂದ ಹೊತ್ತು, ಹೋದ ಹೊತ್ತು, ಹಲವು ಕಡೆ ಮೊಬೈಲ್ ನಂಬರು, ಫೋನಿನಲ್ಲಿ ಹಣ ಕಳಿಸಿದರೆ ಕೆಲವೊಮ್ಮೆ ಹೆಸರು ಕೂಡ ಅವರ ಬಳಿ ಉಳಿಯುತ್ತದೆ.

ಅದರಲ್ಲೇನು ಗುಟ್ಟು ಎಂದು ಕೇಳಬಹುದು. ನಂಬರ್ ಪ್ಲೇಟ್ ಇರುವುದೇ ಎಲ್ಲರಿಗೂ ಕಾಣಲಿ ಎಂದು. ನಿಜ, ಒಂದು ನಂಬರು ಒಮ್ಮೆ ಕಣ್ಣಿಗೆ ಬಿದ್ದರೆ ಏನೂ ಆಗುವುದಿಲ್ಲ. ಆದರೆ ಅದೇ ನಂಬರು ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನಿಂತಿತ್ತು ಎಂಬುದು ವರ್ಷವಿಡೀ ದಾಖಲಾಗುತ್ತ ಹೋದರೆ ಅದು ಗಾಡಿಯ ವಿಷಯವಾಗಿ ಉಳಿಯುವುದಿಲ್ಲ, ಮನುಷ್ಯನ ವಿಷಯವಾಗುತ್ತದೆ. ಪ್ರತಿ ಮಂಗಳವಾರ ಕ್ಯಾನ್ಸರ್ ವಿಭಾಗದ ಬಳಿ ಎರಡು ಗಂಟೆ ನಿಲ್ಲುವ ಕಾರು ಯಾರ ಮನೆಯ ಕಷ್ಟವನ್ನು ಹೇಳುತ್ತಿದೆ ಎಂದು ಊಹಿಸಲು ವೈದ್ಯಕೀಯ ಕಡತ ಬೇಕಾಗಿಲ್ಲ.

ಓಡಾಟದ ದಾಖಲೆ ಎಷ್ಟು ಬೇಗ ಆಳನ್ನು ಬಿಟ್ಟುಕೊಡುತ್ತದೆ ಎಂಬುದನ್ನು ವಿಜ್ಞಾನಿಗಳು ಅಳೆದಿದ್ದಾರೆ. 2013ರಲ್ಲಿ ಈವ್-ಅಲೆಕ್ಸಾಂಡ್ರ್ ದ ಮೊಂಜ್ವಾ ಮತ್ತು ಸಂಗಡಿಗರು ಸುಮಾರು 15 ಲಕ್ಷ ಜನರ 15 ತಿಂಗಳ ಮೊಬೈಲ್ ದಾಖಲೆಗಳನ್ನು ಪರಿಶೀಲಿಸಿದರು. ಅವುಗಳಲ್ಲಿ ಹೆಸರಿರಲಿಲ್ಲ, ಫೋನ್ ನಂಬರೂ ಇರಲಿಲ್ಲ. ಇದ್ದದ್ದು ಯಾವ ಗೋಪುರದ ವ್ಯಾಪ್ತಿಯಲ್ಲಿ, ಯಾವ ಗಂಟೆಯಲ್ಲಿ ಎಂಬುದಷ್ಟೆ. ಇಂಥ ಸ್ಥಳ-ಸಮಯದ ನಾಲ್ಕು ಬಿಂದುಗಳು ಸಿಕ್ಕರೆ ಸಾಕು, ನೂರರಲ್ಲಿ 95 ಜನರನ್ನು ಉಳಿದೆಲ್ಲರಿಂದ ಬೇರ್ಪಡಿಸಬಹುದು ಎಂದು ಕಂಡುಬಂತು. ಬೆಳಿಗ್ಗೆ ಮೆಟ್ರೊ ನಿಲ್ದಾಣ, ಮಧ್ಯಾಹ್ನ ಆಸ್ಪತ್ರೆ, ಸಂಜೆ ನೂರಡಿ ರಸ್ತೆ, ರಾತ್ರಿ ವಿಮಾನ ನಿಲ್ದಾಣ: ನಾಲ್ಕು ಪಾರ್ಕಿಂಗ್ ಚೀಟಿಗಳಲ್ಲಿ ಇರುವುದೂ ಅಂಥವೇ ನಾಲ್ಕು ಬಿಂದುಗಳು. ಜೊತೆಗೆ ಚೀಟಿಯ ಮೇಲೆ ಗಾಡಿಯ ನಂಬರು ಬೇರೆ.

ಈ ದಾಖಲೆ ಹುಟ್ಟುವ ಬಗೆ ಎಲ್ಲೆಡೆ ಒಂದೇ ಅಲ್ಲ. ಮಾಲ್‌ಗಳ, ಟೆಕ್ ಪಾರ್ಕ್‌ಗಳ ಗೇಟಿನಲ್ಲಿರುವ ಕ್ಯಾಮೆರಾ ಅತಿಗೆಂಪು ಬೆಳಕು ಚೆಲ್ಲಿ ಪ್ಲೇಟಿನ ಚಿತ್ರ ತೆಗೆಯುತ್ತದೆ. ಹೊಸ ಅತಿ ಸುರಕ್ಷಿತ ನೋಂದಣಿ (ಎಚ್‌ಎಸ್‌ಆರ್‌ಪಿ) ಫಲಕಗಳ ಮೇಲೆ ಬೆಳಕನ್ನು ಬಂದ ದಾರಿಗೇ ಹಿಂತಿರುಗಿಸುವ ಪದರವಿದೆ, ಅಕ್ಷರಗಳ ಅಳತೆಯೂ ಒಂದೇ. ಹಾಗಾಗಿ ತಂತ್ರಾಂಶಕ್ಕೆ ಓದುವುದು ಸುಲಭ. ಅದು ಚಿತ್ರದಿಂದ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಗುರುತಿಸಿ ಸಮಯದ ಸಮೇತ ಕಡತಕ್ಕೆ ಸೇರಿಸುತ್ತದೆ.

ಫಾಸ್ಟ್ಯಾಗ್ ಇನ್ನೊಂದು ಬಗೆ. ಗಾಜಿಗೆ ಅಂಟಿಸಿದ ಆ ಚೀಟಿಯಲ್ಲಿ ಬ್ಯಾಟರಿ ಇಲ್ಲ. ಗೇಟಿನ ಮೇಲಿನ ಯಂತ್ರ 865ರಿಂದ 867 ಮೆಗಾಹರ್ಟ್ಸ್ ರೇಡಿಯೊ ಅಲೆ ಕಳಿಸುತ್ತದೆ. ಆ ಅಲೆಯ ಶಕ್ತಿಯಿಂದಲೇ ಚಿಪ್ ಎಚ್ಚೆತ್ತು ತನ್ನ ಗುರುತಿನ ಸಂಖ್ಯೆಯನ್ನು ಹೇಳುತ್ತದೆ. ಮುಂದಿನ ಲೆಕ್ಕಾಚಾರ ಬ್ಯಾಂಕ್‌ಗಳ ಮತ್ತು ರಾಷ್ಟ್ರೀಯ ಪಾವತಿ ನಿಗಮದ ನಡುವೆ ನಡೆಯುತ್ತದೆ. 2021ರ ಫೆಬ್ರುವರಿಯಲ್ಲಿ ಟೋಲ್‌ಗೆ ಕಡ್ಡಾಯವಾದ ಈ ಟ್ಯಾಗ್ ಪಾರ್ಕಿಂಗಿಗೂ ಹಬ್ಬಿದೆ. ಅನುಕೂಲವೇನೋ ಹೌದು. ಆದರೆ ಕಾರು ಯಾರ ಕೈಯಲ್ಲಿದ್ದರೂ ಮೆಸೇಜ್ ಹೋಗುವುದು ಟ್ಯಾಗ್ ಮಾಡಿಸಿದವರ ಫೋನಿಗೆ. ಮಗಳು ಎಲ್ಲಿ ಗಾಡಿ ನಿಲ್ಲಿಸಿದಳೆಂದು ಅಪ್ಪನಿಗೆ ತಿಳಿಸುವ ಉದ್ದೇಶ ಈ ವ್ಯವಸ್ಥೆಗೆ ಇರಲಿಲ್ಲ, ಆದರೂ ತಿಳಿಸುತ್ತದೆ.

ಮೂರನೆಯದು ನೆಲದಲ್ಲಿ ಹೂತ ಸೆನ್ಸರ್. ನಗರದ ನಡುಭಾಗದ ರಸ್ತೆಗಳಲ್ಲಿ ಸ್ಮಾರ್ಟ್ ಪಾರ್ಕಿಂಗ್ ನಡೆಸಲು ಬಿಬಿಎಂಪಿ ಖಾಸಗಿ ಸಂಸ್ಥೆಗೆ ಗುತ್ತಿಗೆ ಕೊಟ್ಟು 2020ರಲ್ಲಿ ಕಸ್ತೂರಬಾ ರಸ್ತೆಯಂಥ ಕಡೆ ಮೀಟರು, ಸೆನ್ಸರುಗಳನ್ನು ತಂದಿತು. ಇಂಥ ಸೆನ್ಸರುಗಳಲ್ಲಿ ಒಂದು ಬಗೆ ಭೂಮಿಯ ಕಾಂತಕ್ಷೇತ್ರವನ್ನು ಅಳೆಯುತ್ತದೆ. ಕಾರಿನ ಕಬ್ಬಿಣ ಮೇಲೆ ಬಂದು ನಿಂತಾಗ ಕ್ಷೇತ್ರ ತುಸು ಕದಲುತ್ತದೆ, ಜಾಗ ತುಂಬಿತೆಂದು ಗೊತ್ತಾಗುತ್ತದೆ. ಅಲ್ಲಿ ನಿಂತದ್ದು ಯಾರ ಕಾರೆಂದು ಅದಕ್ಕೆ ತಿಳಿಯದು, ತಿಳಿಯುವ ಅಗತ್ಯವೂ ಇಲ್ಲ. ಜಾಗ ಖಾಲಿಯೋ ಭರ್ತಿಯೋ, ಎಷ್ಟು ಹೊತ್ತು ಎಂಬ ಎರಡು ಸಂಗತಿ ಗೊತ್ತಾದರೆ ಪಾರ್ಕಿಂಗಿನ ಲೆಕ್ಕ ಮುಗಿಯಿತು. ಮಿಕ್ಕದ್ದೆಲ್ಲ ಆಮೇಲೆ ಸೇರಿಸಿದ್ದು.

ಮಿಕ್ಕದ್ದನ್ನು ಕೂಡಿಹಾಕಿದವರಿಗೆ ಏನಾಗಿದೆ? 2020ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದ ನಂಬರ್ ಪ್ಲೇಟ್ ಕ್ಯಾಮೆರಾಗಳ ವ್ಯವಸ್ಥೆ ಪಾಸ್‌ವರ್ಡ್ ಇಲ್ಲದೆ ಅಂತರ್ಜಾಲದಲ್ಲಿ ತೆರೆದುಬಿದ್ದಿತ್ತು. ಸುಮಾರು 86 ಲಕ್ಷ ಓಡಾಟದ ದಾಖಲೆಗಳು ಯಾರಿಗೂ ಕಾಣುವಂತಿದ್ದವು. 2021ರ ಮಾರ್ಚ್‌ನಲ್ಲಿ ಅಮೆರಿಕದ ಪಾರ್ಕ್‌ಮೊಬೈಲ್ ಎಂಬ ಪಾರ್ಕಿಂಗ್ ಆ್ಯಪ್‌ನಿಂದ 2.1 ಕೋಟಿ ಗ್ರಾಹಕರ ಇಮೇಲ್, ಫೋನ್, ಗಾಡಿ ನಂಬರುಗಳು ಕಳುವಾದವು. ಕಳ್ಳರು ನುಗ್ಗಿದ್ದು ಕಂಪನಿ ಬಳಸುತ್ತಿದ್ದ ಹೊರಗಿನ ತಂತ್ರಾಂಶವೊಂದರ ಬಿರುಕಿನಿಂದ. 2023ರ ಡಿಸೆಂಬರಿನಲ್ಲಿ ಯುರೋಪಿನ ಈಸಿಪಾರ್ಕ್‌ಗೂ ಇದೇ ಗತಿಯಾಯಿತು. ಮೂರರಲ್ಲೂ ಕಲಿಯಬೇಕಾದ್ದು ಒಂದಿದೆ. ಬೀಗ ಎಲ್ಲರೂ ಹಾಕಿರುತ್ತಾರೆ ಅಥವಾ ಹಾಕಿದ್ದೇವೆಂದು ನಂಬಿರುತ್ತಾರೆ. ಬೀಗ ಸೋತ ದಿನ ನಷ್ಟ ಎಷ್ಟೆಂಬುದನ್ನು ನಿರ್ಧರಿಸುವುದು ಒಳಗೆ ಎಷ್ಟು ತುಂಬಿಟ್ಟಿದ್ದರು ಎಂಬುದು.

'ನಂಬರುಗಳನ್ನು ಹಾಗೇ ಇಡುವುದಿಲ್ಲ, ಗುರುತು ಸಿಗದಂತೆ ಬದಲಿಸಿ ಇಡುತ್ತೇವೆ' ಎಂಬ ಭರವಸೆ ಕಂಪನಿಗಳಿಂದ ಬರುವುದುಂಟು. ಸಾಮಾನ್ಯವಾಗಿ ಇದಕ್ಕೆ ಬಳಸುವುದು ಹ್ಯಾಶ್ ಎಂಬ ಗಣಿತದ ಕ್ರಿಯೆ. ರಾಗಿ ಬೀಸಿದ ಮೇಲೆ ಹಿಟ್ಟಿನಿಂದ ಕಾಳು ಮರಳಿ ಬಾರದ ಹಾಗೆ, ಹ್ಯಾಶ್ ಆದ ಸಂಖ್ಯೆಯಿಂದ ಮೂಲ ನಂಬರನ್ನು ಹಿಮ್ಮುಖವಾಗಿ ಪಡೆಯಲು ಬರುವುದಿಲ್ಲ. ಆದರೆ ಹಿಂದಕ್ಕೆ ಹೋಗಲಾಗದಿದ್ದರೂ ಮುಂದಿನಿಂದ ಬರಬಹುದು. ಸಾಧ್ಯವಿರುವ ಎಲ್ಲ ನಂಬರುಗಳನ್ನೂ ಹ್ಯಾಶ್ ಮಾಡಿ ಪಟ್ಟಿಯಲ್ಲಿ ಯಾವುದಕ್ಕೆ ಹೊಂದುತ್ತದೆಂದು ನೋಡಿದರಾಯಿತು.

ಇಂದಿರಾನಗರ ಆರ್‌ಟಿಒದ ಕೆಎ 03 ಸರಣಿಯನ್ನೇ ತೆಗೆದುಕೊಳ್ಳೋಣ. ಅದರ ಮುಂದೆ ಎರಡು ಇಂಗ್ಲಿಷ್ ಅಕ್ಷರ, ಆಮೇಲೆ 1ರಿಂದ 9999ರವರೆಗಿನ ಅಂಕಿ. 26 ಅಕ್ಷರಗಳನ್ನೂ ಬಳಸಿದರು ಎಂದುಕೊಂಡರೂ ಜೋಡಿಗಳು 676. ಒಟ್ಟು ನಂಬರುಗಳು 67.6 ಲಕ್ಷ ದಾಟುವುದಿಲ್ಲ. ಆಟಗಳಿಗೆಂದು ಮಾರುವ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ನೂರು ಕೋಟಿಗೂ ಹೆಚ್ಚು ಸರಳ ಹ್ಯಾಶ್‌ಗಳನ್ನು ಲೆಕ್ಕ ಹಾಕಬಲ್ಲದು. ಅದರ ಮುಂದೆ ಕೆಎ 03ರ ಇಡೀ ಸರಣಿ ಕಣ್ಣು ಮಿಟುಕಿಸುವಷ್ಟರ ಕೆಲಸ. ಮೊಬೈಲ್ ನಂಬರಿನ ಕಥೆಯೂ ಬೇರೆಯಲ್ಲ. ಆರರಿಂದ ಒಂಬತ್ತರೊಳಗಿನ ಅಂಕಿಯಿಂದ ಆರಂಭವಾಗುವ ಹತ್ತು ಅಂಕಿಯ ಸಂಖ್ಯೆಗಳು 400 ಕೋಟಿ ಮಾತ್ರ, ಕೆಲವೇ ಸೆಕೆಂಡಿನ ಮಾತು.

ಇದು ಕಾಗದದ ಮೇಲಿನ ಲೆಕ್ಕವಲ್ಲ. ನ್ಯೂಯಾರ್ಕ್ ನಗರ 2013ರ ಸುಮಾರು 17.3 ಕೋಟಿ ಟ್ಯಾಕ್ಸಿ ಪ್ರಯಾಣಗಳ ವಿವರವನ್ನು ಮಾಹಿತಿ ಹಕ್ಕಿನಡಿ ಕೊಟ್ಟಾಗ ಟ್ಯಾಕ್ಸಿ ನಂಬರುಗಳನ್ನು ಹೀಗೆ ಹ್ಯಾಶ್ ಮಾಡಿತ್ತು. 2014ರಲ್ಲಿ ವಿಜಯ್ ಪಾಂಡುರಂಗನ್ ಎಂಬ ಎಂಜಿನಿಯರ್ ಕೆಲವೇ ಗಂಟೆಗಳಲ್ಲಿ ಎಲ್ಲವನ್ನೂ ಬಿಡಿಸಿಟ್ಟರು. ಸರಿಯಾದ ದಾರಿ ಗಣಿತದಲ್ಲೇ ಇದೆ. ಹ್ಯಾಶ್ ಮಾಡುವಾಗ ಉದ್ದನೆಯ ಗುಪ್ತ ಕೀಲಿಯೊಂದನ್ನು ಬೆರೆಸಬೇಕು, ಆ ಕೀಲಿಯನ್ನು ದಾಖಲೆಗಳಿಂದ ದೂರ ಇಡಬೇಕು, ದಿನಕ್ಕೊಂದು ಕೀಲಿ ಬಳಸಬೇಕು. ಆಗ ಹಳೆಯ ಕೀಲಿಗಳನ್ನು ನಾಶಮಾಡಿದ ಮೇಲೆ ಸೋಮವಾರದ ದಾಖಲೆಗೂ ಮಂಗಳವಾರದ ದಾಖಲೆಗೂ ನಂಟು ಹಾಕಲು ಕಂಪನಿಗೇ ಆಗುವುದಿಲ್ಲ.

ನಂಬರಿನ ಹಿಂದಿನ ಹೆಸರು, ವಿಳಾಸ ಇರುವುದು ಸರ್ಕಾರದ ಬಳಿ. ಬ್ರಿಟನ್ನಿನಲ್ಲಿ ಖಾಸಗಿ ಪಾರ್ಕಿಂಗ್ ಕಂಪನಿಗಳು ನಿಯಮ ಮೀರಿದವರಿಗೆ ಅಂಚೆಯಲ್ಲಿ ದಂಡದ ಚೀಟಿ ಕಳಿಸುತ್ತವೆ. ಅದಕ್ಕಾಗಿ ಅಲ್ಲಿನ ವಾಹನ ನೋಂದಣಿ ಸಂಸ್ಥೆ ಡಿವಿಎಲ್‌ಎಯಿಂದ ದಾಖಲೆಯೊಂದಕ್ಕೆ ಎರಡೂವರೆ ಪೌಂಡ್ ಕೊಟ್ಟು ಮಾಲೀಕರ ವಿಳಾಸ ಪಡೆಯುತ್ತವೆ. ವರ್ಷಕ್ಕೆ ಒಂದು ಕೋಟಿಗೂ ಹೆಚ್ಚು ಸಲ ಹೀಗೆ ವಿಳಾಸ ಕೈ ಬದಲಾಗುತ್ತದೆ. ನಮ್ಮಲ್ಲಿ ಗೇಟು ಏಳುವ ಮುನ್ನವೇ ಹಣ ಕೊಟ್ಟಿರುತ್ತೇವೆ, ಆಮೇಲೆ ಮನೆ ಹುಡುಕಿಕೊಂಡು ಬರುವ ಕೆಲಸ ಗುತ್ತಿಗೆದಾರನಿಗಿಲ್ಲ. ಹಾಗಿರುವಾಗ ಇಲ್ಲಿನ ಪಾರ್ಕಿಂಗಿಗೆ ಮಾಲೀಕರ ಗುರುತಿನ ಹಂಗು ಬ್ರಿಟನ್ನಿಗಿಂತ ಕಡಿಮೆ ಇರಬೇಕಿತ್ತು.

ಆದರೆ ನಮ್ಮ ವಾಹನ ದಾಖಲೆಗಳೂ ಮಾರಾಟದ ಸರಕಾಗಿದ್ದ ಕಾಲವಿತ್ತು. ಕೇಂದ್ರ ಸಾರಿಗೆ ಸಚಿವಾಲಯ 2019ರ ಮಾರ್ಚ್‌ನಲ್ಲಿ ಸಗಟು ದತ್ತಾಂಶ ಹಂಚಿಕೆ ನೀತಿ ಪ್ರಕಟಿಸಿ ವಾಣಿಜ್ಯ ಸಂಸ್ಥೆಗಳಿಗೆ ವರ್ಷಕ್ಕೆ 3 ಕೋಟಿ ರೂಪಾಯಿ ದರ ಇಟ್ಟಿತು. ವಾಹನ ನೋಂದಣಿಯ 'ವಾಹನ್' ಮತ್ತು ಚಾಲನಾ ಪರವಾನಗಿಯ 'ಸಾರಥಿ' ದತ್ತಾಂಶ 87 ಖಾಸಗಿ ಕಂಪನಿಗಳಿಗೂ 32 ಸರ್ಕಾರಿ ಸಂಸ್ಥೆಗಳಿಗೂ ತಲುಪಿದೆ, ಅದರಿಂದ ಸುಮಾರು 65 ಕೋಟಿ ರೂಪಾಯಿ ಬಂದಿದೆ ಎಂದು ಸಚಿವ ನಿತಿನ್ ಗಡ್ಕರಿ ಆ ವರ್ಷವೇ ರಾಜ್ಯಸಭೆಗೆ ತಿಳಿಸಿದರು. ಬೇರೆ ಬೇರೆ ಮೂಲಗಳ ಜೊತೆ ತಾಳೆ ಹಾಕಿದರೆ ಜನರ ಗುರುತು ಸಿಗಬಹುದೆಂಬ ಅಪಾಯವನ್ನು ಆ ನೀತಿಯೇ ಒಪ್ಪಿಕೊಂಡಿತ್ತು. ಖಾಸಗಿತನದ ಆತಂಕ ಎದ್ದು 2020ರ ಜೂನ್‌ನಲ್ಲಿ ಅದನ್ನು ಹಿಂಪಡೆಯಲಾಯಿತು. ಈಗ ಸಾರ್ವಜನಿಕ ಹುಡುಕಾಟದಲ್ಲಿ ಮಾಲೀಕರ ಹೆಸರಿನ ಅಕ್ಷರಗಳನ್ನು ಮರೆಮಾಡಿರುತ್ತಾರೆ. ಆದರೆ ಪಾರ್ಕಿಂಗ್ ಗೇಟಿನಲ್ಲಿ ಗಾಡಿ ನಂಬರಿನ ಪಕ್ಕದಲ್ಲೇ ಮೊಬೈಲ್ ನಂಬರನ್ನೂ ಬರೆದುಕೊಟ್ಟರೆ ಆ ಮರೆಯನ್ನು ನಾವೇ ಸರಿಸಿದಂತೆ.

ಈ ವಿಷಯದಲ್ಲಿ ಬೆಂಗಳೂರಿಗೆ ದೊಡ್ಡ ಪಾತ್ರವಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2024ರ ಅಕ್ಟೋಬರಿನಲ್ಲಿ ನಿಧನರಾಗುವವರೆಗೂ ಅವರು ಇದೇ ಊರಿನವರು. ಉದ್ದೇಶಕ್ಕೆ ತಕ್ಕಷ್ಟೇ ಹಸ್ತಕ್ಷೇಪ ಇರಬೇಕು ಎಂಬುದು ಆ ತೀರ್ಪು ಮುಂದಿಟ್ಟ ಅಳತೆಗೋಲುಗಳಲ್ಲೊಂದು.

ಅದರ ಬೆನ್ನಿಗೆ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಕಂಪನಿಗಳ ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳಿಗೆ, ಅಂದರೆ 2027ರ ಮೇ ಹೊತ್ತಿಗೆ ಜಾರಿಯಾಗಬೇಕು. ಯಾವ ಮಾಹಿತಿ, ಏಕೆ ಬೇಕು ಎಂದು ತಿಳಿಸುವ ಸೂಚನೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲಿ, ಎಂದರೆ ಕನ್ನಡದಲ್ಲೂ ಓದಿಕೊಳ್ಳುವ ಆಯ್ಕೆ ಕೊಡಬೇಕು. ಸೋರಿಕೆಯಾದರೆ ತಡಮಾಡದೆ ಬಾಧಿತರಿಗೆ ತಿಳಿಸಬೇಕು, 72 ಗಂಟೆಯೊಳಗೆ ಸಂರಕ್ಷಣಾ ಮಂಡಳಿಗೆ ವಿವರ ಕೊಡಬೇಕು. ಸೂಕ್ತ ರಕ್ಷಣೆ ಇಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಯಾವ ಮಾಹಿತಿ, ಯಾವ ಉದ್ದೇಶಕ್ಕೆ ಎಂದು ತೀರ್ಮಾನಿಸಿದ ಆಸ್ಪತ್ರೆಯೋ ಮಾಲೋ ಕೆಲಸವನ್ನು ಗುತ್ತಿಗೆಗೆ ಕೊಟ್ಟಿದ್ದೇವೆಂದು ಹೊಣೆ ಜಾರಿಸುವಂತಿಲ್ಲ.

ಕಾಯ್ದೆಯ ಎರಡು ಅಂಚುಗಳನ್ನು ಮಾತ್ರ ಗಮನಿಸಬೇಕು. ಒಂದು, ಇದು ಡಿಜಿಟಲ್ ದಾಖಲೆಗೆ ಅಥವಾ ಆಮೇಲೆ ಡಿಜಿಟಲ್ ಮಾಡಿದ ದಾಖಲೆಗೆ ಮಾತ್ರ ಅನ್ವಯಿಸುತ್ತದೆ. ಸೆಕ್ಯೂರಿಟಿಯವರ ಮೇಜಿನ ಮೇಲೆ ಬಿಚ್ಚಿಟ್ಟಿರುವ, ಹಿಂದೆ ಬಂದವರ ಫೋನ್ ನಂಬರುಗಳನ್ನು ಮುಂದೆ ಬಂದವರು ಓದಬಹುದಾದ ರಿಜಿಸ್ಟರ್ ಇದರ ಹೊರಗೆ. ಎರಡು, ಸಂಗ್ರಹಿಸಿದ ವೈಯಕ್ತಿಕ ಮಾಹಿತಿಯನ್ನೂ ಬಳಕೆಯ ಲಾಗ್‌ಗಳನ್ನೂ ಕನಿಷ್ಠ ಒಂದು ವರ್ಷ ಇಟ್ಟುಕೊಂಡಿರಬೇಕು, ಸರ್ಕಾರ ಕೇಳಿದರೆ ಒದಗಿಸಬೇಕು ಎಂದು ನಿಯಮ ಹೇಳುತ್ತದೆ. ಗಾಡಿ ಹೊರಗೆ ಹೋದ ತಕ್ಷಣ ಅಳಿಸಿಬಿಡುವ ದಾರಿಯನ್ನು ಇದು ಹೆಚ್ಚುಕಡಿಮೆ ಮುಚ್ಚುತ್ತದೆ. ಉಳಿಯುವುದು ಇನ್ನೊಂದೇ ದಾರಿ: ಬೇಡದ್ದನ್ನು ಮೊದಲೇ ಪಡೆಯದಿರುವುದು. ಪಡೆಯದ ಮಾಹಿತಿಯನ್ನು ಕಾಯಬೇಕಿಲ್ಲ, ಅದು ಸೋರುವುದೂ ಇಲ್ಲ.

ಹಾಗೆಂದು ಗುತ್ತಿಗೆದಾರರ ಅಗತ್ಯವನ್ನು ತಳ್ಳಿಹಾಕಲಾಗದು. ಸರಿಯಾದ ಗಾಡಿ ಸರಿಯಾದವರ ಕೈ ಸೇರಬೇಕು, ಕಳುವಾದರೆ ಪೊಲೀಸರಿಗೆ ತೋರಿಸಲು ಏನಾದರೂ ಇರಬೇಕು. ಅದಕ್ಕೆ ಟೋಕನ್, ಬಂದ ಹೊತ್ತು, ಪ್ಲೇಟಿನ ಒಂದು ಚಿತ್ರ ಸಾಕಾಗುತ್ತದೆ. ಅಡ್ಡ ನಿಂತ ಗಾಡಿ ತೆಗೆಸಲು ಫೋನ್ ಬೇಕೆನ್ನುವುದು ಇಕ್ಕಟ್ಟಿನ ನೆಲಮಾಳಿಗೆಯಲ್ಲಿ ನ್ಯಾಯವೇ, ಗೆರೆ ಎಳೆದ ಬಯಲಿನಲ್ಲಿ ಅಲ್ಲ. ಮೊಬೈಲ್ ನಂಬರಿಗಾಗಿ ಗ್ರಾಹಕರನ್ನು ಒತ್ತಾಯಿಸಬೇಡಿ ಎಂದು ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2023ರ ಮೇ ತಿಂಗಳಲ್ಲೇ ಚಿಲ್ಲರೆ ವ್ಯಾಪಾರಿಗಳಿಗೆ ಸೂಚಿಸಿತ್ತು. ಆ ಮಾತು ಪಾರ್ಕಿಂಗ್ ಗೇಟಿಗೂ ಸಲ್ಲುತ್ತದೆ.

ಇದನ್ನೆಲ್ಲ ಗೇಟಿನಲ್ಲಿ ವಾದ ಮಾಡಿ ಗೆಲ್ಲಲು ಆಗುವುದಿಲ್ಲ, ಹಿಂದೆ ನಾಲ್ಕು ಗಾಡಿ ಹಾರ್ನ್ ಹೊಡೆಯುತ್ತಿರುತ್ತವೆ. ಬದಲಾಗಬೇಕಾದ್ದು ಟೆಂಡರ್. ಮೆಟ್ರೊ ನಿಗಮವೋ, ಪಾಲಿಕೆಯೋ, ಆಸ್ಪತ್ರೆಯೋ ಜಾಗವನ್ನು ಗುತ್ತಿಗೆಗೆ ಕೊಡುವಾಗ ದರ, ವೇಳೆ, ಸಿಸಿಟಿವಿ ಎಂದೆಲ್ಲ ಬರೆಯುವ ಕಡೆ ಇನ್ನೂ ನಾಲ್ಕು ಸಾಲು ಸೇರಿಸಬೇಕು: ಯಾವ ಮಾಹಿತಿ ಪಡೆಯಬಹುದು, ಯಾವುದನ್ನು ಕೇಳಲೇಬಾರದು, ಯಾರು ನೋಡಬಹುದು, ಗುತ್ತಿಗೆ ಮುಗಿದ ದಿನ ದಾಖಲೆಗಳು ಎಲ್ಲಿಗೆ ಹೋಗುತ್ತವೆ. ಕಡೆಯ ಪ್ರಶ್ನೆಯೇ ಬಹುಶಃ ಎಲ್ಲಕ್ಕಿಂತ ಮುಖ್ಯ. ಏಕೆಂದರೆ ಗುತ್ತಿಗೆದಾರ ಬದಲಾದಾಗ ಫಲಕ, ಚೀಟಿ, ಸಮವಸ್ತ್ರ ಬದಲಾಗುವುದು ನಮ್ಮ ಕಣ್ಣಿಗೆ ಬೀಳುತ್ತದೆ, ಹಳೆಯ ಕಂಪ್ಯೂಟರಿನಲ್ಲಿ ಉಳಿದ ನಂಬರುಗಳು ಬೀಳುವುದಿಲ್ಲ. ಜಾಗದ ಒಡೆಯರು ಒಪ್ಪಂದದಲ್ಲಿ ಬರೆಯದ ಷರತ್ತನ್ನು ದಿನಗೂಲಿಗೆ ಗೇಟಿನಲ್ಲಿ ನಿಂತ ಹುಡುಗ ಪಾಲಿಸಲಿ ಎಂದು ಬಯಸುವುದು ನ್ಯಾಯವಲ್ಲ.