ಕೊಬ್ಬರಿಗೆ ತಡೆ, ತೆಂಗಿನಕಾಯಿಗೆ ದಾರಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಅಪ್ಪ-ಅಮ್ಮ ಜರ್ಮನಿಯಲ್ಲೋ ನೆದರ್ಲೆಂಡ್ಸಿನಲ್ಲೋ ಇರುವ ಮಗನ ಮನೆಗೆ ಹೊರಟರೆ ಸೂಟ್‌ಕೇಸಿಗೆ ಮೊದಲು ಬೀಳುವುದು ಉಂಡೆ ಕೊಬ್ಬರಿ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ, ಅಲ್ಲಾಡಿಸಿದರೆ ಒಳಗೆ ಗಡಗಡ ಎನ್ನುವ ಕಾಯಿಯನ್ನು ಸುಲಿದು, ಚಿಪ್ಪು ಒಡೆದು ತೆಗೆದ ಇಡೀ ಉಂಡೆ. ಅದಕ್ಕೆ ಯುರೋಪಿನ ಗಡಿ ನೋಡುವ ಯೋಗವಿಲ್ಲ. ಎಣ್ಣೆಯಂಶ ಹೆಚ್ಚಿರುವ ಕೊಬ್ಬರಿ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದೆಂದು ಅಪಾಯಕಾರಿ ಸರಕುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದಕ್ಕೆ 1363 ಎಂಬ ನಂಬರೇ ಇದೆ. ನಮ್ಮ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ 2022ರಲ್ಲಿ ಚೆಕ್‌ಇನ್ ಬ್ಯಾಗಿನಲ್ಲಿ ಒಣಕೊಬ್ಬರಿಯನ್ನು ನಿಷೇಧಿಸಿತು.

ತಮಾಷೆಯೆಂದರೆ, ಯುರೋಪಿಗೆ ತೆಂಗಿನ ಮೇಲೆ ಮುನಿಸೇ ಇಲ್ಲ. ಹೊರಗಿನಿಂದ ಹಣ್ಣು, ತರಕಾರಿ, ಹೂವು ತರುವವರು ಸಸ್ಯ ಆರೋಗ್ಯದ ಪ್ರಮಾಣಪತ್ರ ತೋರಿಸಬೇಕೆಂಬ ನಿಯಮ 2019ರ ಡಿಸೆಂಬರ್ 14ರಿಂದ ಐರೋಪ್ಯ ಒಕ್ಕೂಟದಲ್ಲಿದೆ. ವಿನಾಯಿತಿ ಸಿಕ್ಕಿರುವುದು ಅನಾನಸ್, ಬಾಳೆಹಣ್ಣು, ಖರ್ಜೂರ, ಡ್ಯುರಿಯನ್ ಮತ್ತು ತೆಂಗಿನಕಾಯಿಗೆ. ಹಸಿ ಕರಿಬೇವಿಗೆ ಆ ಭಾಗ್ಯವಿಲ್ಲ. ಮನೆಯಲ್ಲಿ ಕಾಯಿಸಿದ ತುಪ್ಪವನ್ನಂತೂ ಮನೆಯಲ್ಲೇ ಬಿಡುವುದು ಒಳ್ಳೆಯದು. ಹಾಲಿನ, ಮಾಂಸದ ಪದಾರ್ಥ ಒಯ್ಯಲು ಪ್ರಯಾಣಿಕರಿಗೆ ಅನುಮತಿಯಿಲ್ಲ.

ಇನ್ನು ಮನುಷ್ಯರ ಮಾತು. 1985ರಲ್ಲಿ ಲಕ್ಸೆಂಬರ್ಗಿನ ಶೆಂಗೆನ್ ಎಂಬ ಹಳ್ಳಿಯಲ್ಲಿ ಐದು ದೇಶಗಳು ಮಾಡಿಕೊಂಡ ಒಪ್ಪಂದ ಈಗ 29 ದೇಶಗಳಿಗೆ ಹಬ್ಬಿದೆ. ಒಂದೇ ವೀಸಾದಲ್ಲಿ ಇಷ್ಟೂ ಸುತ್ತಬಹುದು. ಆದರೆ ಬ್ರಿಟನ್, ಐರ್ಲೆಂಡ್ ಇದರಲ್ಲಿಲ್ಲ. ಅರ್ಜಿ ಹಾಕಬೇಕಾದದ್ದು ಹೆಚ್ಚು ದಿನ ಉಳಿಯುವ ದೇಶಕ್ಕೆ.

ಹಿರಿಯರು ಎಡವುವುದು ದಿನದ ಲೆಕ್ಕದಲ್ಲಿ. ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು, ಅದೂ ಎಲ್ಲ ದೇಶ ಸೇರಿ. ಜೂನ್ 1ಕ್ಕೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಇಳಿದವರಿಗೆ ಆಗಸ್ಟ್ 29 ಕೊನೆಯ ದಿನ. ನಡುವೆ ಪ್ಯಾರಿಸ್ಸಿಗೆ ಹೋಗಿಬಂದರೆ ಎಣಿಕೆ ಹೊಸದಾಗಿ ಶುರುವಾಗುವುದಿಲ್ಲ. 90 ದಿನ ಪೂರ್ತಿ ಬಳಸಿ ಬಂದವರು ನವೆಂಬರ್ 28ರವರೆಗೆ ಕಾಯಬೇಕು. 2025ರ ಅಕ್ಟೋಬರ್ 12ರಿಂದ ಬೆರಳಚ್ಚು, ಮುಖದ ಫೋಟೊ ತೆಗೆದುಕೊಳ್ಳುವ ವ್ಯವಸ್ಥೆ ಶುರುವಾಗಿದ್ದು, ಲೆಕ್ಕ ಇಡುವುದು ಕಂಪ್ಯೂಟರು. ‘ಮೊಹರು ಕಾಣಲ್ಲ ಬಿಡಿ’ ಎನ್ನುವ ಹಳೆಯ ಧೈರ್ಯ ಇನ್ನು ನಡೆಯದು.

ಒಳಗಡಿಗಳಲ್ಲಿ ತಪಾಸಣೆ ಇಲ್ಲವೆಂದು ಪಾಸ್‌ಪೋರ್ಟನ್ನು ಮಗನ ಬೀರುವಿನಲ್ಲಿಟ್ಟು ಹೊರಡಬಾರದು. ಜರ್ಮನಿ 2024ರ ಸೆಪ್ಟೆಂಬರಿನಲ್ಲಿ ತನ್ನ ಎಲ್ಲ ನೆಲಗಡಿಗಳಲ್ಲೂ ತಾತ್ಕಾಲಿಕ ತಪಾಸಣೆ ತಂದಿತು. ರೈಲಿನಲ್ಲೇ ಪೊಲೀಸರು ಕೇಳಬಹುದು.

ಹಕ್ಕಿನ ವಿಷಯವನ್ನು ನಮ್ಮವರು ಕೇಳುವುದೇ ಕಡಿಮೆ. ವಿಮಾನ ತಡವಾದರೆ ಪರಿಹಾರ ಕೊಡಿಸುವ ಐರೋಪ್ಯ ಒಕ್ಕೂಟದ 2004ರ 261ನೇ ನಿಯಮ ಪ್ರಯಾಣಿಕರ ದೇಶ ನೋಡುವುದಿಲ್ಲ. ಫ್ರಾಂಕ್‌ಫರ್ಟಿನಿಂದ ಬೆಂಗಳೂರಿಗೆ ವಿಮಾನ ಕಂಪನಿಯ ತಪ್ಪಿನಿಂದ ನಾಲ್ಕು ಗಂಟೆ ತಡವಾಗಿ ತಲುಪಿದರೆ ತಲೆಗೆ 600 ಯೂರೋ ಪರಿಹಾರ. ಹವಾಮಾನ ಕೆಟ್ಟಿದ್ದರೆ ಹಣವಿಲ್ಲ. ಕಾಯುವಾಗ ಊಟ, ರಾತ್ರಿಯಾದರೆ ಹೋಟೆಲು ಮಾತ್ರ ಕೊಡಲೇಬೇಕು. ಒಂದು ಸೂಕ್ಷ್ಮವಿದೆ: ದುಬೈ ಮೇಲೆ ಹೋಗಿಬರುವ ಗಲ್ಫ್ ಕಂಪನಿಯ ಟಿಕೆಟ್ಟಾದರೆ, ವಾಪಸು ಬರುವಾಗ ಈ ಹಕ್ಕು ಉಂಟು, ಹೋಗುವಾಗ ಇಲ್ಲ.